ಜೇಬಿನಲ್ಲಿ ಮನೆಯ ಫ್ಯೂಸು

ಲಿಫ್ಟ್ ಮೇಸ್ತ್ರಿಯ ಬಲಗಿವಿ ಎಡಗಿವಿಗಿಂತ ಕೊಂಚ ಕಪ್ಪು. ಮೂವತ್ತೊಂದು ವರ್ಷ ಊರಿನ ಕಟ್ಟಡಗಳ ಗೋಡೆಗೆಲ್ಲ ಆ ಕಿವಿ ಒತ್ತಿ ಒತ್ತಿ ಹಾಗಾಗಿದೆ ಅನ್ನುವುದು ಹೆಂಡತಿಯ ವಾದ. ಗ್ರೀಸನ್ನು ಸರಿಯಾಗಿ ತೊಳೆಯದ ಸೋಮಾರಿತನ ಅನ್ನುವುದು ಮಗಳ ವಾದ. ಎರಡೂ ನಿಜವೇ ಇರಬೇಕು. ಆದರೆ ಆ ಕಿವಿಯ ಮುಂದೆ ಯಾವ ಯಂತ್ರದ ಆಟವೂ ನಡೆಯುತ್ತಿರಲಿಲ್ಲ. ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಮೂರನೇ ಮಹಡಿ ಬಾಗಿಲಿನ ಬೇರಿಂಗ್ ಹೋಗಿದೆ, ತರಿಸಿ" ಅನ್ನುತ್ತಿದ್ದ. ಕಂಪನಿಯ ಎಂಜಿನಿಯರು ಮೀಟರು, ಲ್ಯಾಪ್‌ಟಾಪು ಎಲ್ಲ ಹರಡಿಕೊಂಡು ಅರ್ಧ ದಿನ ಒದ್ದಾಡಿ ಕೊನೆಗೆ ಅದೇ ಮಾತಿಗೆ ಬರುತ್ತಿದ್ದ. ಪಾಪ, ಅವನೂ ಓದಿದವನೇ.

ಮೇಸ್ತ್ರಿಗೆ ಕೆಲಸ ಕಲಿಸಿದ ಮುದುಕನಿಗೆ ಎಡಗೈಯಲ್ಲಿ ಮೂರೇ ಬೆರಳು. ಅವನು ಮೊದಲ ದಿನವೇ ಒಂದು ಕಟ್ಟಳೆ ಹೇಳಿಕೊಟ್ಟಿದ್ದ. ಲಿಫ್ಟ್ ಓಡಾಡುವ ಶಾಫ್ಟಿನೊಳಗೆ ಕಾಲಿಡುವ ಮುಂಚೆ ಮೇನ್ ಬೋರ್ಡಿನ ಫ್ಯೂಸು ಕೀಳಬೇಕು. ಕಿತ್ತದ್ದನ್ನು ಬೋರ್ಡಿನ ಮೇಲೆ ಇಡಬಾರದು, ವಾಚ್‌ಮನ್ ಕೈಗೆ ಕೊಡಬಾರದು, ತನ್ನ ಅಂಗಿಯ ಜೇಬಿಗೇ ಹಾಕಿಕೊಳ್ಳಬೇಕು. "ಒಳಗೆ ಹೋದೋನು ಹೊರಗೆ ಬರೋ ತನಕ ಫ್ಯೂಸು ಅವನ ಜೇಬಲ್ಲೇ ಇರಬೇಕು ಕಣೋ. ಇನ್ನೊಬ್ಬ ಮರೆತು ಹಾಕಿಬಿಟ್ರೆ ನಿನ್ನನ್ನ ಗೋಣಿಚೀಲದಲ್ಲಿ ತುಂಬ್ಕೊಂಡು ಹೋಗ್ಬೇಕಾಗುತ್ತೆ" ಅಂದಿದ್ದ. ಮೇಸ್ತ್ರಿ ಅದನ್ನು ಎದೆಯಲ್ಲಿ ಬರೆದುಕೊಂಡ. ಮನೆಯಲ್ಲಿ ಒಂದು ಬಲ್ಬ್ ಬದಲಾಯಿಸುವುದಿದ್ದರೂ ಅಷ್ಟೇ, ಮೀಟರ್ ಪಕ್ಕದ ಪಿಂಗಾಣಿ ಫ್ಯೂಸು ಕಿತ್ತು ಜೇಬಿಗೆ. ಮಕ್ಕಳು ಚಿಕ್ಕವರಿದ್ದಾಗ "ಸದ್ದು ಮಾಡಬೇಡ, ಅಪ್ಪನ ಜೇಬಲ್ಲಿ ಕರೆಂಟಿದೆ" ಎಂದು ಪಿಸುಗುಟ್ಟುತ್ತಿದ್ದರು. ಬೀದಿಯ ಎಲ್ಲ ಮನೆಗಳಿಗೂ ಫ್ಯೂಸಿನ ಬದಲು ತಾನಾಗಿ ಬೀಳುವ ಹೊಸ ಸ್ವಿಚ್ಚು ಬಂದರೂ ಮೇಸ್ತ್ರಿಯ ಮನೆಗೆ ಬರಲಿಲ್ಲ. ಜೇಬಿಗೆ ಹಾಕಿಕೊಳ್ಳಲಾಗದ ಫ್ಯೂಸು ಅವನ ಲೆಕ್ಕದಲ್ಲಿ ಫ್ಯೂಸೇ ಅಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿಗೆಲ್ಲ ಅವಳು ಸಿಸ್ಟರಮ್ಮ. ಹೊರದೇಶದ ಕೆಲಸ ಅವಳನ್ನು ಎರಡು ಸಲ ಹುಡುಕಿಕೊಂಡು ಬಂತು. ಮೊದಲ ಸಲ ದೊಡ್ಡ ಮಗ ಹೊಟ್ಟೆಯಲ್ಲಿದ್ದ, ಮಾತೇ ಎತ್ತಲಿಲ್ಲ. ಎರಡನೇ ಸಲ ಮಗಳು ಹತ್ತನೇ ಕ್ಲಾಸು. ಎಲ್ಲ ತಯಾರಿ ಆಗಿತ್ತು, ಸೂಟ್‌ಕೇಸೂ ಬಂದಿತ್ತು. ಒಂದು ಸಂಜೆ ಸಿಸ್ಟರಮ್ಮ ಡ್ಯೂಟಿ ಮುಗಿಸಿ ಬಂದವಳೇ, "ಅಲ್ಲಿಯೋರು ಆ ಹುದ್ದೆನೇ ರದ್ದು ಮಾಡಿದ್ರಂತೆ ಕಣ್ರೀ, ಹೋಗ್ಲಿ ಬಿಡಿ" ಎಂದು ಹೇಳಿ ಟೀ ಇಡಲು ಒಳಗೆ ಹೋದಳು. ದನಿಯಲ್ಲಿ ಒಂದಿಷ್ಟೂ ಏರಿಳಿತವಿರಲಿಲ್ಲ. ಗೋಡೆಯಾಚೆಯ ಬೇರಿಂಗಿನ ಸದ್ದು ಹಿಡಿಯುವ ಗಂಡನೂ ನಂಬಿದ ಅಂದಮೇಲೆ ಕೇಳಬೇಕೇ!

ಎಂಟು ವರ್ಷ ಕಳೆದ ಮೇಲೆ ಮಗಳು ತನ್ನ ಜನನ ಪತ್ರ ಹುಡುಕಲು ಹೋಗಿ ಟ್ರಂಕಿನ ತಳದಲ್ಲಿ ಎರಡು ಕಾಗದ ಕಂಡಳು. ಒಂದು, ಅಮ್ಮ ಬರೆದದ್ದರ ನಕಲು: ಮಗಳ ಓದಿನ ಕಾರಣ ಬರಲಾಗುತ್ತಿಲ್ಲ, ಕ್ಷಮಿಸಿ. ಇನ್ನೊಂದು, ಅಲ್ಲಿಯವರ ಉತ್ತರ: ಆರು ತಿಂಗಳು ಜಾಗ ಖಾಲಿ ಇಟ್ಟಿರುತ್ತೇವೆ, ಮನಸ್ಸು ಬದಲಾದರೆ ತಿಳಿಸಿ. ಈ ಮಗಳಿಗೆ ಮನೆಯಲ್ಲಿ ವಕೀಲಮ್ಮ ಎಂದು ಹೆಸರು. ಕೆಲಸ ಔಷಧಿ ಅಂಗಡಿಯಲ್ಲಿ, ವಾದ ಮಾತ್ರ ಹೈಕೋರ್ಟಿನದು. ಅಂಥವಳು ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ನಾಲ್ಕನೇ ದಿನ ಅರ್ಜಿ ಫಾರಂ ತಂದು ಅಮ್ಮನ ಮುಂದಿಟ್ಟು, "ಸೈನ್ ಮಾಡು. ಈ ಸಲ ನನ್ನ ಹೆಸರು ಹೇಳಿ ತಪ್ಪಿಸ್ಕೊಂಡ್ರೆ ನಾನು ನಿನ್ನ ಜೊತೆ ಮಾತಾಡಲ್ಲ" ಅಂದಳು. ಅಲ್ಲಿ ಐವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಸಿಸ್ಟರಮ್ಮನಿಗೆ ಐವತ್ತಾಗಲು ನಾಲ್ಕು ತಿಂಗಳಿತ್ತು. ಈ ಸಲ ತಪ್ಪಿದರೆ ಮುಗಿಯಿತು.

ಸಿಸ್ಟರಮ್ಮ ಸೈನೇನೋ ಹಾಕಿದಳು. ಆದರೆ ಗಂಡನ ಕಡೆ ತಿರುಗಿ ಒಂದೇ ಮಾತು ಹೇಳಿದಳು: "ನೀವು ಬಂದ್ರೆ ಹೋಗ್ತೀನಿ. ನೀವು ಬರಲ್ಲ ಅಂದ್ರೆ ನಾನೂ ಇಲ್ಲ." ಮೇಸ್ತ್ರಿ ಎದೆ ಸೆಟೆಸಿ, "ಬರ್ದೇ ಇರ್ತೀನಾ? ಅಲ್ಲಿ ಲಿಫ್ಟ್ ಇಲ್ವಾ?" ಅಂದುಬಿಟ್ಟ. ಅಂದವನೇ ಒಳಗೊಳಗೆ ನಾಲಿಗೆ ಕಚ್ಚಿಕೊಂಡ.

ಏಕೆಂದರೆ ಅವನಿಗೆ ಹೋಗುವ ಮನಸ್ಸು ಕಾಸಿನಷ್ಟೂ ಇರಲಿಲ್ಲ. ಮಕ್ಕಳನ್ನು ಬಿಟ್ಟು ಒಂದು ವಾರ ಇದ್ದವನಲ್ಲ. ಮಕ್ಕಳು ಅಂದರೆ ಎಳೆ ಕೂಸುಗಳೇನಲ್ಲ, ಇಪ್ಪತ್ತೇಳು, ಇಪ್ಪತ್ತನಾಲ್ಕು! ದೊಡ್ಡೋನು ಮುದ್ರಣಾಲಯದಲ್ಲಿ ಮೆಷಿನ್ ನಡೆಸುತ್ತಿದ್ದ. ಆದರೂ ಅವನ ಸ್ಕೂಟರಿನ ಗಾಳಿ ಇವನೇ ನೋಡಬೇಕು, ಮಗಳ ಚಪ್ಪಲಿಯ ಬಾರು ಇವನೇ ಒತ್ತಿ ನೋಡಬೇಕು. ಆ ಮನೆ ತನ್ನಿಂದಲೇ ನಡೆಯುತ್ತಿದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಯಾರಾದರೂ ಒಬ್ಬರು, ಒಂದೇ ಒಂದು ಸಲ "ಹೋಗ್ಬೇಡಿ" ಅನ್ನಲಿ ಎಂದು ಕಾಯುತ್ತಿದ್ದ. ಯಾರೂ ಅನ್ನಲಿಲ್ಲ. ತಡೆಯಲಾರದೆ ತಾನೇ ಕೆದಕಿ ನೋಡಿದ.

"ನೀರಿನ ಮೋಟರ್ ಕೆಟ್ರೆ ಏನ್ಮಾಡ್ತೀರಾ?"

"ರಿಪೇರಿಯವನನ್ನ ಕರೀತೀವಿ" ಅಂದಳು ಮಗಳು.

"ಅವನು ಮೋಸ ಮಾಡಿದ್ರೆ?"

"ಮೋಸ ಹೋಗ್ತೀವಿ. ನೀನು ಯಾವತ್ತೂ ಹೋಗೇ ಇಲ್ವಾ ಅಪ್ಪಾ?"

ಹೋಗಿದ್ದ. ಅದೇ ಮೋಟರ್ ಕೊಂಡಾಗಲೇ ಹೋಗಿದ್ದ.

ಕೆಲಸದ ಕಾಗದ, ಇಬ್ಬರ ವೀಸಾ ಎಲ್ಲ ಬಂದಾಗ ಬೀದಿಯವರಿಗಂತೂ ಬಿಟ್ಟಿ ತಮಾಷೆ. "ಮಕ್ಕಳು ಹೋಗೋದು, ಅಪ್ಪ ಅಮ್ಮ ಗೇಟಲ್ಲಿ ನಿಂತು ಅಳೋದು ನೋಡಿದೀವಿ. ನಿಮ್ಮನೇಲೇನು ಮೇಸ್ತ್ರಿ, ಎಲ್ಲಾ ಉಲ್ಟಾ!" ಅಂದ ಇಸ್ತ್ರಿ ಅಂಗಡಿಯವನು. ಉಲ್ಟಾ ಅಂದರೆ ಸಾಮಾನ್ಯ ಉಲ್ಟಾ ಅಲ್ಲ. ದೊಡ್ಡೋನು ಅಪ್ಪ ಅಮ್ಮನ ಹೆಸರು ವಿಳಾಸವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ತಂದು ಸೂಟ್‌ಕೇಸಿನ ನಾಲ್ಕೂ ಮೈಗೆ ಅಂಟಿಸಿದ. ವಕೀಲಮ್ಮ ಬಿ.ಪಿ. ಮಾತ್ರೆಗಳನ್ನು ವಾರದ ದಿನ ಬರೆದ ಡಬ್ಬಿಯಲ್ಲಿ ತುಂಬಿಸಿ, "ಅಪರಿಚಿತರು ಏನಾದ್ರೂ ಹಿಡ್ಕೊಳ್ಳಿ ಅಂತ ಕೊಟ್ರೆ ಹಿಡ್ಕೋಬೇಡಿ, ಇಳಿದ ತಕ್ಷಣ ಫೋನ್ ಮಾಡಿ" ಎಂದು ಉಪದೇಶ ಮಾಡಿದಳು. ಮೇಸ್ತ್ರಿ ಹೂಂ, ಹೂಂ ಅಂದ. ಬಾಲವಾಡಿಗೆ ಸೇರಿಸುತ್ತಿದ್ದಾರೇನೋ ಅನ್ನಿಸಿತು ಅವನಿಗೆ.

ಹೊರಟದ್ದು ಭಾನುವಾರ ಬೆಳಿಗ್ಗೆ. ಏಳಕ್ಕೆ ಕೊನೆಯ ಟೀ ಕುಡಿಯುತ್ತಿರುವಾಗ ಅಡುಗೆಮನೆಯ ಸ್ವಿಚ್ಚು ಚಟ್ ಎಂದು ಕಿಡಿ ಹಾರಿಸಿತು. ಮೇಸ್ತ್ರಿಯ ಮುಖ ಅರಳಿತು ನೋಡಿ! "ಕಂಡ್ರಾ? ನಾನು ಹೋದ್ಮೇಲೆ ಹೀಗಾಗಿದ್ರೆ?" ಎಂದು ಇಸ್ತ್ರಿ ಮುರಿಯದ ಹೊಸ ಅಂಗಿಯಲ್ಲೇ ಸ್ಟೂಲ್ ಎಳೆದ. ಫ್ಯೂಸು ಕಿತ್ತ, ಜೇಬಿಗೆ ಹಾಕಿದ, ಹೊಸ ಸ್ವಿಚ್ಚು ಕೂರಿಸಿದ. ಕೊನೆಯ ತಿರುಪು ಬಿಗಿಯುವ ಹೊತ್ತಿಗೆ ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. "ರೀ, ನೀವೇನು ಹೊರಡ್ತೀರೋ, ಮನೆಗೆ ಹೊಸ ವೈರಿಂಗ್ ಮಾಡ್ತೀರೋ?" ಎಂದು ಸಿಸ್ಟರಮ್ಮ ಕೂಗಿದಳು. ಕೈ ತೊಳೆದು ಓಡಿದ. ವಿಮಾನ ನಿಲ್ದಾಣಕ್ಕೆ ಬರುವುದು ಬೇಡ, ಅಲ್ಲಿ ನಾಲ್ಕು ಜನರ ಮುಂದೆ ಅತ್ತರೆ ಚೆನ್ನಾಗಿರಲ್ಲ ಎಂದು ವಕೀಲಮ್ಮನೇ ತೀರ್ಪು ಕೊಟ್ಟಿದ್ದಳು. ಗೇಟಿನಲ್ಲಿ ಅಣ್ಣ ತಂಗಿ ನಿಂತು ಕೈ ಬೀಸಿದರು. ಯಾರೂ ಅಳಲಿಲ್ಲ. ಟ್ಯಾಕ್ಸಿ ತಿರುವು ದಾಟಿದ ಮೇಲೆ ಮೇಸ್ತ್ರಿ ಒಬ್ಬನೇ ಅತ್ತ, ಕಿಟಕಿ ಕಡೆ ಮುಖ ಮಾಡಿಕೊಂಡು.

ಹತ್ತೂವರೆಗೆ ತಪಾಸಣೆಯ ಸಾಲಿನಲ್ಲಿ ಅವನ ಸರದಿ ಬಂತು. ಜೇಬಿನಲ್ಲಿರುವುದೆಲ್ಲ ಟ್ರೇಗೆ ಹಾಕಿ ಅಂದರು. ಪಾಸ್‌ಪೋರ್ಟು, ಫೋನು, ಕರವಸ್ತ್ರ, ಕನ್ನಡಕದ ಡಬ್ಬಿ, ಆಮೇಲೆ ಟಣ್ ಎಂದು ಬಿಳಿಯ ಪಿಂಗಾಣಿ ತುಂಡು.

"ಏನಿದು?" ಅಂದ ತಪಾಸಣೆಯವನು.

"ಫ್ಯೂಸು."

"ಯಾವುದರದ್ದು?"

"ನಮ್ಮನೇದು" ಅಂದ ಮೇಸ್ತ್ರಿ, ಅನ್ನುತ್ತಲೇ ಅವನಿಗೆ ಹೊಳೆಯಿತು.

ಇಡೀ ಕೆಲಸದ ಜೀವನದಲ್ಲಿ ಒಮ್ಮೆಯೂ ಆಗದ ತಪ್ಪು. ಕೈ ಅಭ್ಯಾಸಬಲದಲ್ಲಿ ಮರೆಯಿತೋ, ಮನಸ್ಸು ಬೇಕೆಂದೇ ಮರೆಸಿತೋ, ಅವನಿಗೇ ಗೊತ್ತಾಗಲಿಲ್ಲ. ಮನೆಯಲ್ಲಿ ಬೇರೆ ಫ್ಯೂಸಿಲ್ಲ. ಭಾನುವಾರ, ಎಲೆಕ್ಟ್ರಿಕಲ್ ಅಂಗಡಿ ಮುಚ್ಚಿರುತ್ತದೆ. ಮೋಟರ್ ಓಡಲ್ಲ, ಟ್ಯಾಂಕಿಗೆ ನೀರು ಏರಲ್ಲ. ಟ್ರೇ ಸಮೇತ ಸಾಲಿನಿಂದ ಈಚೆ ಬಂದುಬಿಟ್ಟ. ನಿಜ ಹೇಳಬೇಕೆಂದರೆ ಗಾಬರಿಯ ಜೊತೆಗೆ ಅವನಿಗೆ ಸಣ್ಣ ಖುಷಿಯೂ ಆಯಿತು.

"ಲೇ, ಫ್ಯೂಸು ನನ್ನ ಹತ್ರಾನೇ ಉಳಿದುಹೋಗಿದೆ. ಮಕ್ಕಳಿಗೆ ಕರೆಂಟಿಲ್ಲ. ನೀನು ಹೋಗಿರು, ನಾನು ಇದನ್ನ ಹಾಕಿ ನಾಳೆ ವಿಮಾನಕ್ಕೆ ಬರ್ತೀನಿ."

"ನಾಳೆ ವಿಮಾನಕ್ಕೆ ಬರೋಕೆ ಅದೇನು ಸಿಟಿ ಬಸ್ಸಾ?" ಅಂದಳು ಸಿಸ್ಟರಮ್ಮ. ಆಮೇಲೆ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಸಾವಿರ ರೋಗಿಗಳ ಮುಖ ನೋಡಿದ ಕಣ್ಣು ಅದು. ಕೈಚೀಲ ಹೆಗಲಿಗೇರಿಸಿಕೊಂಡು, "ನಡೀರಿ, ಇಬ್ರೂ ವಾಪಸ್ ಹೋಗೋಣ. ಹೋಗ್ಲಿ ಬಿಡಿ" ಅಂದಳು.

ದನಿಯಲ್ಲಿ ಒಂದಿಷ್ಟೂ ಏರಿಳಿತವಿಲ್ಲ. ಮೇಸ್ತ್ರಿಗೆ ಎಂಟು ವರ್ಷದ ಹಿಂದಿನ ಆ ಸಂಜೆ ಕಿವಿಯಲ್ಲಿ ಮತ್ತೆ ಕೇಳಿಸಿದಂತಾಯಿತು. ಹುದ್ದೆ ರದ್ದಾಯಿತಂತೆ ಅಂದದ್ದೂ ಇದೇ ದನಿಯಲ್ಲಿ. ಆಗ ಹಿಡಿಯದ ಸದ್ದು ಈಗ ಹಿಡಿಯಿತು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ತಡಿ, ತಡಿ. ಮೊದ್ಲು ಒಂದು ಫೋನ್ ಮಾಡ್ತೀನಿ" ಅಂದು ಗೋಡೆಯ ಪಕ್ಕಕ್ಕೆ ಸರಿದ.

ವಕೀಲಮ್ಮ ಒಂದೇ ರಿಂಗಿಗೆ ಎತ್ತಿದಳು. "ಅಪ್ಪಾ, ಇನ್ನೂ ಒಳಗೆ ಹೋಗಿಲ್ವಾ?"

"ಪುಟ್ಟಾ, ಕರೆಂಟು..." ಅಂದ ಮೇಸ್ತ್ರಿ. "ಫ್ಯೂಸು ನನ್ನ ಜೇಬಲ್ಲಿದೆ. ನಾನು ಈಗ್ಲೇ ಬರ್ತೀನಿ."

ವಕೀಲಮ್ಮ ತಡವರಿಸಲಿಲ್ಲ.

"ಅಯ್ಯೋ, ಅದಕ್ಕಾ? ಆಗ್ಲೇ ಹಾಕಿದ್ವಲ್ಲ! ಅಣ್ಣ ಅವನ ಫ್ರೆಂಡ್ ಮನೆಯಿಂದ ಒಂದು ತಂದ. ಕರೆಂಟ್ ಬಂದು ಅರ್ಧ ಗಂಟೆ ಆಯ್ತು. ಫ್ಯಾನ್ ಕೆಳಗೆ ಕೂತಿದೀನಿ ನಾನು."

ಮೇಸ್ತ್ರಿ ಫೋನನ್ನು ಬಲಗಿವಿಗೆ ಬದಲಾಯಿಸಿದ. ಕಣ್ಣು ಮುಚ್ಚಿದ.

ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ, ಅಡುಗೆಮನೆಯ ಕಿಟಕಿ ಪಕ್ಕ. ಅಲ್ಲಿ ಫ್ಯಾನಿಲ್ಲ. ಅಲ್ಲಿರುವುದು ಹತ್ತೊಂಬತ್ತು ವರ್ಷದ ಹಳೇ ಫ್ರಿಜ್ಜು. ಮೂರು ಗಂಟೆ ಆರಿಹೋಗಿದ್ದ ಆ ಫ್ರಿಜ್ಜಿಗೆ ಅರ್ಧ ಗಂಟೆ ಹಿಂದೆ ಕರೆಂಟು ಬಂದಿದ್ದರೆ ಈ ಹೊತ್ತಿಗೆ ಗೊರಗೊರ ಎಂದು ಲಾರಿಯಂತೆ ಹೊಡೆದುಕೊಳ್ಳುತ್ತಿರಬೇಕಿತ್ತು. ಮೇಸ್ತ್ರಿ ಕೇಳಿಸಿಕೊಂಡ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಹಿಂದೆ ದೊಡ್ಡೋನು ಉಸಿರು ಬಿಗಿಹಿಡಿದು ನಿಂತದ್ದೂ ಕೇಳಿಸಿತು. ಫ್ರಿಜ್ಜು ತಣ್ಣಗೆ ಸತ್ತಂತೆ ಬಿದ್ದಿತ್ತು.

ಅವನ ಕಣ್ಣು ತುಂಬಿ ಬಂತು. ಇವಳು ಅಮ್ಮನ ಮಗಳು! ಸುಳ್ಳಿನಲ್ಲಿ ಕೂಡ ಅಮ್ಮನ ಹಾಗೇ, ಒಂದಿಷ್ಟೂ ಏರಿಳಿತವಿಲ್ಲ.

"ಹೌದಾ? ಸರಿ ಹಂಗಾದ್ರೆ" ಅಂದ. "ಆದ್ರೂ ನಾಳೆ ಅಂಗಡಿ ತೆಗೆದ ತಕ್ಷಣ ಇನ್ನೊಂದು ತಂದಿಟ್ಕೊಳ್ಳಿ. ಹದಿನಾರು ಆಂಪಿಯರ್‌ದು. ಹಾಕೋ ಮುಂಚೆ ಕಾಲಿಗೆ ರಬ್ಬರ್ ಚಪ್ಪಲಿ ಇರ್ಲಿ. ಇವತ್ತಿಗೆ ಪಕ್ಕದ ಮನೆಯಿಂದ ಎರಡು ಬಕೆಟ್ ನೀರು ತಂದ್ಕೊಳ್ಳಿ. ಫ್ರಿಜ್ಜಲ್ಲಿರೋ ಹಾಲು ಇವತ್ತೇ ಕುಡಿದುಬಿಡಿ."

ಸಣ್ಣ ದನಿಯಲ್ಲಿ, "ಹದಿನಾರು. ರಬ್ಬರ್ ಚಪ್ಪಲಿ. ಸರಿ ಅಪ್ಪಾ" ಅಂದಳು ವಕೀಲಮ್ಮ. ಮೂಗು ಎಳೆದುಕೊಂಡದ್ದು ಕೇಳಿಸಿತು.

"ಇದನ್ನೇನ್ ಮಾಡ್ಲಿ ಪುಟ್ಟಾ? ಇಲ್ಲೇ ಬಿಸಾಕ್ಲಾ?"

"ಬೇಡ ಬೇಡ!" ಅಂದಳು ಮಗಳು. ದನಿ ಈಗ ಏರಿತು, ಇಳಿಯಿತು, ಒಡೆಯಿತು. "ನೀನೇ ಹೇಳ್ತಿದ್ದೆಯಲ್ಲಪ್ಪಾ, ಒಳಗೆ ಹೋದೋನು ಹೊರಗೆ ಬರೋ ತನಕ ಅದು ಅವನ ಜೇಬಲ್ಲೇ ಇರ್ಬೇಕು ಅಂತ. ಇಟ್ಕೋ. ನೀವಿಬ್ರೂ ವಾಪಸ್ ಬಂದ್ಮೇಲೆ ನೀನೇ ಹಾಕು."

ಮೇಸ್ತ್ರಿ ಫೋನಿಟ್ಟು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು ಬಂದ. ಸಿಸ್ಟರಮ್ಮ ಕೈಚೀಲ ಹೆಗಲಿನಲ್ಲೇ ಇಟ್ಟುಕೊಂಡು, ಹೊರಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು.

"ಕರೆಂಟ್ ಬಂತಂತಾ?"

"ಬಂತಂತೆ" ಅಂದ ಮೇಸ್ತ್ರಿ. ಆ ಮನೆಯಲ್ಲಿ ಸುಳ್ಳು ಹೇಳಲು ಬಾರದಿದ್ದವನು ಅವನೊಬ್ಬನೇ, ಅಂದು ಅವನೂ ಕಲಿತ. "ದೊಡ್ಡೋನು ಎಲ್ಲಿಂದಲೋ ತಂದು ಹಾಕಿದಾನೆ. ಫ್ರಿಜ್ಜು ಗೊರಗೊರ ಅಂತಿದೆ, ನಾನೇ ಕೇಳಿಸ್ಕೊಂಡೆ. ನಡಿಯೇ, ಹೊತ್ತಾಯ್ತು."

ಅವಳ ಹೆಗಲಿನಿಂದ ಕೈಚೀಲ ತೆಗೆದು ತಾನು ಹಾಕಿಕೊಂಡು, ಮತ್ತೆ ಸಾಲಿನ ತುದಿಯಲ್ಲಿ ಹೋಗಿ ನಿಂತ. ಸರದಿ ಬಂದಾಗ ತಪಾಸಣೆಯವನು ಪಿಂಗಾಣಿ ತುಂಡನ್ನು ಅತ್ತಿತ್ತ ಹೊರಳಿಸಿ ನೋಡಿ, "ಇದು ಬೇಕೇ ಬೇಕಾ?" ಎಂದು ಕೇಳಿದ. ಬೇಕು ಅಂದ ಮೇಸ್ತ್ರಿ. ಟ್ರೇಯಿಂದ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಹೆಂಡತಿಯ ಹಿಂದೆ ನಡೆದ.