ಕ್ರ್ಯಾಶ್‌ಗಳೆಲ್ಲ ನನ್ನ ತಲೆಗೆ

ನಮ್ಮ ಆಫೀಸು ಬೆಂಗಳೂರಿನ ಸಾರಕ್ಕಿ ಸಿಗ್ನಲ್ ಹತ್ತಿರ, ಎರಡನೇ ಮಹಡಿಯಲ್ಲಿದೆ. ಮಾತ್ರೆ ನುಂಗುವ ಹೊತ್ತನ್ನು ನೆನಪಿಸುವ ಆ್ಯಪ್ ಮಾಡುತ್ತೇವೆ. ಮೂರು ವರ್ಷ ಬೇರೆಯವರ ಕೋಡ್ ಟೆಸ್ಟ್ ಮಾಡಿ, ಹಲ್ಲು ಗಿಂಜಿ ಕೇಳಿ ಕೇಳಿ, ಕೊನೆಗೂ ಕೋಡ್ ಬರೆಯುವ ಕೆಲಸ ಗಿಟ್ಟಿಸಿಕೊಂಡಿದ್ದೆ. ನಾನು ಬರೆದ ಮೊದಲ ಫಂಕ್ಷನ್ನಿನ, ಅಂದರೆ ಕೋಡಿನ ತುಣುಕಿನ, ಕೆಲಸ ಇಷ್ಟೇ: ಆ್ಯಪ್ ಎಲ್ಲೇ ಮುಗ್ಗರಿಸಲಿ, ಅದನ್ನು ಬರೆದಿಟ್ಟು ಆ್ಯಪನ್ನು ಮುಚ್ಚುವುದು.

ಯಾರ ಫೋನಿನಲ್ಲಾದರೂ ಆ್ಯಪ್ ಕ್ರ್ಯಾಶ್ ಆದರೆ ನಮಗೊಂದು ವರದಿ ಬರುತ್ತದೆ. ಆ್ಯಪ್ ಮುಚ್ಚಿದ್ದು ಯಾವ ಫಂಕ್ಷನ್ನಿನಲ್ಲಿ ಎಂದು ಹೇಳುವ ಅದರ ಮೊದಲ ಸಾಲು ನೋಡಿ, ಒಂದೇ ಥರದವನ್ನು ಒಂದು ಗುಂಪಿಗೆ ಹಾಕುವ ವ್ಯವಸ್ಥೆಯಿತ್ತು. ನನ್ನ ಫಂಕ್ಷನ್ ಸೇರಿದ ವಾರದಿಂದ ಗುಂಪುಗಳೆಲ್ಲ ಹೋಗಿ ಒಂದೇ ದೊಡ್ಡ ಗುಂಪಾಯಿತು. ಅದರ ಹೆಸರು ನನ್ನ ಫಂಕ್ಷನ್ನಿನದು.

"ಸಖತ್ ಮಗಾ, ಒಬ್ನೇ ಇಡೀ ಆ್ಯಪ್ ಬೀಳಿಸ್ಬಿಟ್ಟೆ" ಎಂದ ಪಕ್ಕದ ಸೀಟಿನವ. ನನಗೆ ಮೈಯೆಲ್ಲ ಉರಿಯಿತು. ನಮ್ಮ ತಂಡ ನೋಡಿಕೊಳ್ಳುವ ಜಯನಗರದ ಮೇಡಂ ಮಾತ್ರ ನಗಲಿಲ್ಲ.

"ಇದನ್ನ ತೆಗೆದುಬಿಡೋಣ. ನೀವು ಮತ್ತೆ ಟೆಸ್ಟಿಂಗ್‌ಗೆ ಹೋಗಿ" ಎಂದರು.

ಸಾವಿನ ಸುದ್ದಿ ತಂದವನನ್ನೇ ಕೊಲೆಗಾರ ಎಂದ ಹಾಗಾಯಿತು. ಸಿಟ್ಟು ಬಂದರೆ ನನಗೆ ಬಿಟಿಎಂನಲ್ಲಿ ಕಲಿತ ಮಾತು ಮರೆತು ಧಾರವಾಡದ್ದೇ ಬರುತ್ತದೆ. "ಮೇಡಂ, ನಾ ಬೀಳ್ಸಿಲ್ರಿ. ಬಿದ್ದದ್ದನ್ನ ಹೇಳೇನಿ ಅಷ್ಟ. ಸಂಜೀತನಕ ಟೈಮ್ ಕೊಡ್ರಿ" ಎಂದು ಕೂಗಿಯೇ ಬಿಟ್ಟೆ. ಕೊಟ್ಟರು.

ಕೆಲಸ ದೊಡ್ಡದೇನಲ್ಲ. ಗುಂಪು ಮಾಡುವಾಗ ನನ್ನ ಸಾಲನ್ನು ಬಿಟ್ಟು ನಿಜವಾಗಿ ಮುಗ್ಗರಿಸಿದ ಜಾಗ ಹೇಳುವ ಅದರ ಕೆಳಗಿನ ಸಾಲನ್ನು ನೋಡುವಂತೆ ನಿಯಮ ಬದಲಿಸಿ, ಹಳೆಯ ವರದಿಗಳನ್ನೆಲ್ಲ ಹೊಸದಾಗಿ ವಿಂಗಡಿಸಲು ಬಿಟ್ಟೆ. ಕೆಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಆ ದೊಡ್ಡ ಗುಂಪು ಹದಿನಾಲ್ಕಾಗಿ ಒಡೆದಿತ್ತು. ಅವುಗಳಲ್ಲಿ ಎರಡು ಪಕ್ಕದ ಸೀಟಿನವನ ಕೋಡಿನವು. ಎಲ್ಲಕ್ಕಿಂತ ದೊಡ್ಡ ಗುಂಪು, ಎರಡು ಮಾತ್ರೆಗೆ ಒಂದೇ ಹೊತ್ತು ಇಟ್ಟರೆ ಆಗುವ ಕ್ರ್ಯಾಶಿನದು. ಆ ಕೋಡು ಮೇಡಂ ಬರೆದದ್ದು.

ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ ಅವರನ್ನು ಕರೆದು ತೋರಿಸಿದೆ. ಮೇಡಂ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು.

"ಹೌದು, ನಂದೇ" ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಇದನ್ನ ನೀವೇ ಸರಿಮಾಡಿ. ಟೆಸ್ಟಿಂಗ್ ನಾನ್ ಮಾಡ್ತೀನಿ."

ನನ್ನ ಕೂಗಾಟಕ್ಕೆ ನನಗೇ ನಾಚಿಕೆಯಾಯಿತು. ನಾನು ತಿದ್ದಿಕೊಟ್ಟ ಕೋಡಿನಲ್ಲಿ ಅವರು ಎರಡು ಸಲ ತಪ್ಪು ಹುಡುಕಿ ವಾಪಸ್ ಕಳಿಸಿದರು. ಎರಡು ಸಲವೂ ಎದುರು ಮಾತಾಡದೆ ಸರಿಮಾಡಿದೆ.