ಹಳ್ಳ ಯಾವ ಕಡೆ ತಿರುಗಿತು

ಅರವತ್ತರ ದಶಕದ ಆರಂಭ. ಮುದ್ದೇಬಿಹಾಳ ತಾಲೂಕಿನ ಒಂದು ಕಲ್ಲುಗಣಿಯ ಪಕ್ಕದಲ್ಲಿ ಹಳ್ಳವೊಂದು ಸುಣ್ಣಗಲ್ಲಿನ ಗವಿಗೆ ಹೊಕ್ಕು ಕಾಣೆಯಾಗುತ್ತಿತ್ತು. ಅದು ನೆಲದಡಿ ಎತ್ತ ಹೋಗುತ್ತದೆಂದು ಅಳೆದು ನಕ್ಷೆ ಮಾಡುವ ಕೆಲಸ ಸರ್ವೇಯವನಾದ ನನ್ನ ಕೊರಳಿಗೆ ಬಿತ್ತು. ಜೊತೆಗೆ ಬಂದವರು ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸುವ, ಊರೆಲ್ಲ ಚಾಚಾ ಎಂದು ಕರೆಯುವ ಹಿರಿಯರು. ಗವಿಯ ಮೇಲಿನ ದಿಣ್ಣೆಯಲ್ಲಿ ಅವರು ಮನೆ ಕಟ್ಟುತ್ತಿದ್ದರು. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಅದರ ಕೆಳಗೆ ನೆಲ ಗಟ್ಟಿಯೋ ಪೊಳ್ಳೋ ಎಂಬುದಷ್ಟೇ ಅವರಿಗೆ ತಿಳಿಯಬೇಕಿತ್ತು.

ನಾನಾಗ ಮಹಾ ಶಿಸ್ತಿನ ಮನುಷ್ಯ. ದಿಕ್ಸೂಚಿಯ ಹತ್ತಿರ ಕಬ್ಬಿಣ ಸುಳಿಯಬಾರದೆಂದು ಬೆಲ್ಟು, ಚಾಕು, ಬೀಗದ ಕೈ ಎಲ್ಲವನ್ನೂ ಅವರ ಅಂಗಳದಲ್ಲೇ ತೆಗೆದಿಟ್ಟೆ. ಗವಿಯ ಚಾವಣಿ ತಲೆಗೆ ಬಡಿದೀತೆಂದು ಅವರ ಹೆಂಡತಿ ಚಾಚಿ ಒಂದು ರುಮಾಲು ತಂದುಕೊಟ್ಟರು, ಚಾಚಾ ಅದನ್ನು ನನ್ನ ತಲೆಗೆ ಸುತ್ತಿದರು. ಮೊಣಕಾಲುದ್ದ ನೀರಿನಲ್ಲಿ ಅವರು ಮುಂದೆ ಹೋಗಿ ಕಂದೀಲು ಎತ್ತಿ ಹಿಡಿಯುವುದು, ನಾನು ದಿಕ್ಸೂಚಿಯನ್ನು ಕಣ್ಣಿಗೆ ಹಿಡಿದು ಆ ಬೆಳಕಿನ ದಿಕ್ಕು ಬರೆದುಕೊಳ್ಳುವುದು, ಬಟ್ಟೆಯ ಟೇಪಿನಿಂದ ದೂರ ಅಳೆಯುವುದು. ಹೀಗೇ ಇಡೀ ದಿನ.

ಸಂಜೆ ನಕ್ಷೆ ಎಳೆದರೆ ಹಳ್ಳ ನೆಟ್ಟಗೆ ಅವರ ಗೋಡೆಯಡಿಗೇ ಹೋಗಿತ್ತು. ಬಾಯಿ ಮುಚ್ಚಿಕೊಂಡಿರಬೇಕಿತ್ತು, ಹೇಳಿಬಿಟ್ಟೆ. ಮರುದಿನ ಖಾತ್ರಿಗೆಂದು ಮತ್ತೆ ಅಳೆದೆ. ರುಮಾಲು ಒಣಗಿರಲಿಲ್ಲವೆಂದು ಬರಿದಲೆಯಲ್ಲೇ ಹೋದೆ. ಈ ಸಲ ಹಳ್ಳ ಮನೆಯಿಂದ ಬಹಳ ದೂರ ಸರಿದಿತ್ತು. ಮೂರನೆಯ ದಿನ ಚಾಚಿ ಮಡಿಚಿಕೊಟ್ಟ ಒಣಗಿದ ರುಮಾಲು ಸುತ್ತಿಕೊಂಡು ಅಳೆದರೆ ತಿರುಗಿ ಗೋಡೆಯಡಿಗೇ ಬಂದಿತ್ತು. ಅದೇ ಗವಿ, ಅದೇ ಕೈ, ಅದೇ ಕಣ್ಣು. ನನ್ನ ತಲೆ ಮೊಸರು ಗಡಿಗೆಯಾಯಿತು. ನಕ್ಷೆಗಳನ್ನು ತಿರುವಿ ಮುರುವಿ ನೋಡಿದೆ, ನನ್ನನ್ನೇ ಬೈದುಕೊಂಡೆ. ಅಷ್ಟರಲ್ಲಿ ಚಾಚಾ, ನನ್ನ ಮೊದಲ ಮಾತನ್ನೇ ನಂಬಿ, ಗೋಡೆಯನ್ನು ಬಿಚ್ಚಿ ಕಲ್ಲು ಒಟ್ಟಿಬಿಟ್ಟಿದ್ದರು.

ಸಿಟ್ಟಿನಿಂದ ರುಮಾಲು ಬಿಚ್ಚಿ ಹಿಂಡಲು ಹೋದೆ. ಬೆರಳಿಗೆ ಚುಚ್ಚಿತು. ಹಣೆಯ ಮೇಲಿನ ಮಡಿಕೆಯಲ್ಲಿ ಚೀಲ ಹೊಲಿಯುವ ದಬ್ಬಣವಿತ್ತು. ಅಚ್ಚ ಕಬ್ಬಿಣ, ದಿಕ್ಸೂಚಿಯಿಂದ ಗೇಣು ದೂರದಲ್ಲಿ.

"ಎರಡೂ ದಿನ ನಾನ ಸಿಗಸಿದ್ದೆರಿ," ಎಂದರು ಚಾಚಿ. "ಗಾಳಿ-ಗೀಳಿ ಸೋಕಬಾರ್ದಂದ್ರ ಭೂಮಿ ಹೊಟ್ಟ್ಯಾಗ ಹೋಗೋರ ಮೈಮ್ಯಾಗ ಕಬ್ಬಿಣ ಇರಬೇಕ್ರಿ. ನೀವು ನೋಡಿದ್ರ ಇದ್ದದ್ದೆಲ್ಲಾ ತಗದಿಟ್ಟು ಹೊಂಟಿದ್ರಿ."

ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ, ಎರಡನೆಯ ದಿನದ ಅಳತೆಯೇ ಸರಿ, ನೆಲ ಗಟ್ಟಿ ಇದೆ ಎಂದು ವಿವರಿಸಿದೆ. ಚಾಚಾ ಕಲ್ಲಿನ ರಾಶಿಯ ಕಡೆ ನೋಡಿದರು. ಚಾಚಿಯ ಮೇಲೆ ರೇಗಬೇಕೋ ಅವರಿಗೆ ಕೈಮುಗಿಯಬೇಕೋ ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಚಾಚಿ ನನ್ನ ಕೈಯಿಂದ ದಬ್ಬಣ ತೆಗೆದುಕೊಂಡರು. "ಎರಡನೇ ದಿನ ರುಮಾಲು ಬಿಟ್ಟು ಹೋದ್ರಲ್ರಿ ಸಾಹೇಬ್ರ, ನೀವು ಹೊರಗ ಬರೂತನಕ ನಾ ಒಲಿ ಹಚ್ಚಲಿಲ್ಲ."

ನಾನು ಸರಿಯಾಗಿ ಅಳೆದದ್ದು ಆ ಒಂದೇ ದಿನ. ನಕ್ಷೆ ಮಡಿಚಿಟ್ಟು, ಚಾಚಾರ ಜೊತೆ ಗೋಡೆಗೆ ಕಲ್ಲು ಹೊರಲು ಹೋದೆ.