ಹೊಲಿಗೆ ಮಿಸ್ ಕೊಟ್ಟ ಮಾತು

ಶಾಲೆಯಲ್ಲಿ ಹೊಲಿಗೆ ಪಾಠ ನಿಂತುಹೋದ ವರ್ಷ, ಅದನ್ನು ಕಲಿಸುತ್ತಿದ್ದ ಅವಳು ಹೊಸ ತರಬೇತಿಗೆ ಸೇರಿದಳು. ಮಕ್ಕಳ ಆತಂಕವನ್ನು ಮಾತಿನಿಂದ, ಚಿಕ್ಕ ಚಿಕ್ಕ ಅಭ್ಯಾಸಗಳಿಂದ ಇಳಿಸುವ ವಿದ್ಯೆ ಅದು. ಕಲಿತು ಬಂದ ಮೇಲೂ ಮಕ್ಕಳ ಬಾಯಲ್ಲಿ ಅವಳು ಹೊಲಿಗೆ ಮಿಸ್ಸೇ. ಕೆಲಸ ಕೊಟ್ಟವರು ಮುಖ್ಯೋಪಾಧ್ಯಾಯಿನಿ, ಅಂದರೆ ಅವಳ ಸ್ವಂತ ಅತ್ತಿಗೆ. ತಾಯಿಯಿಲ್ಲದ ಮನೆಗೆ ಸೊಸೆಯಾಗಿ ಬಂದು, ಇವಳ ತಲೆ ಬಾಚಿ, ಪಕ್ಕದಲ್ಲಿ ಕೂತು ಓದಿಸಿ ಬೆಳೆಸಿದವರು.

ಆಟದ ಸಾಮಾನಿನ ಕೋಣೆಯಲ್ಲಿ ಅರ್ಧ ಅವಳ ಪಾಲಿಗೆ ಬಂತು. ಚೆಂಡುಗಳ ಬಲೆಯ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಅಲ್ಲಿಗೆ ಬರುತ್ತಿದ್ದವರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ತರಗತಿಯವರು 'ಪಿಸುಮಾತು' ಎನ್ನುತ್ತಿದ್ದರು. ಗಟ್ಟಿಯಾಗಿ ಓದಬೇಕೆಂದರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು.

"ತಪ್ಪು ಓದಿದ್ರೆ ಎಲ್ರೂ ನಗ್ತಾರೆ ಮಿಸ್."

"ಎಲ್ರೂ ಅಂದ್ರೆ ಎಷ್ಟು ಜನ?"

"ನಲವತ್ತೆರಡು."

"ಸರಿ, ಬರ್ಕೋ. ಒಂದಿನ ಎಣಿಸಿಯೇ ನೋಡೋಣ."

ಮೊದಲು ಗೋಡೆಗೆ ಓದಿದಳು, ಆಮೇಲೆ ಮಿಸ್ಸಿಗೆ, ಆಮೇಲೆ ಇಬ್ಬರು ಗೆಳತಿಯರಿಗೆ. ಏಳನೆಯ ವಾರ ತರಗತಿಯಲ್ಲಿ ನಿಂತು ಬೇಕೆಂದೇ ಒಂದು ಪದ ತಪ್ಪಾಗಿ ಓದಿ, ಏದುಸಿರು ಬಿಡುತ್ತ ಕೋಣೆಗೆ ಬಂದಳು.

"ಮೂರು ಜನ ಮಿಸ್. ಅದ್ರಲ್ಲಿ ಒಬ್ಳು ಬೇರೇನಕ್ಕೋ ನಕ್ಕಿದ್ದು. ಅವಳನ್ನೂ ಲೆಕ್ಕಕ್ಕೆ ಹಿಡೀಬೇಕಾ?"

ಪ್ರತಿ ಮಗುವಿಗೂ ಒಂದೊಂದು ನೋಟ್‌ಬುಕ್ ಇತ್ತು. ಭಯವನ್ನೆಲ್ಲ ಅದರಲ್ಲಿ ಬರೆಯಬೇಕು. "ನೀನು, ನಾನು ಬಿಟ್ರೆ ಇದನ್ನ ಬೇರೆ ಯಾರೂ ಓದಲ್ಲ" ಎಂದು ಅವಳು ಎಲ್ಲರಿಗೂ ಮಾತು ಕೊಟ್ಟಿದ್ದಳು.

ವರ್ಷದ ಕೊನೆಗೆ ಅತ್ತಿಗೆ ಕರೆದರು. "ನಿನ್ನ ಕೆಲಸ ಮುಂದುವರಿಸೋಕೆ ಆಡಳಿತ ಮಂಡಳಿಗೆ ವರದಿ ಕೊಡಬೇಕು. ಎರಡು ದಿನ ಆ ನೋಟ್‌ಬುಕ್ ಕೊಟ್ಟಿರು. ಹೆಸರು ಎಲ್ಲೂ ಬರಲ್ಲ."

ಬೇರೆಯವರು ಕೇಳಿದ್ದರೆ ಅವಳು ಕೊಡುತ್ತಿರಲಿಲ್ಲ. ಹದಿಮೂರನ್ನೂ ಒಂದು ಚೀಲದಲ್ಲಿ ಹಾಕಿ ಕೊಟ್ಟಳು.

ಅದಾದ ಮೂರನೆಯ ವಾರ ಪಿಸುಮಾತಿನ ತಂದೆ ಶಾಲೆಯ ಪತ್ರವೊಂದನ್ನು ಹಿಡಿದು ಬಂದರು. ಇಲ್ಲಿಯ ಒತ್ತಡ ನಿಮ್ಮ ಮಗುವಿಗೆ ಒಗ್ಗುವುದಿಲ್ಲ, ಬೇರೆ ಶಾಲೆ ನೋಡಿಕೊಳ್ಳಿ ಎಂದು ಅದರಲ್ಲಿತ್ತು. ಅದಕ್ಕೆ ಆಧಾರವಾಗಿ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಸಾಲು: 'ಗೇಟು ನೋಡಿದರೆ ಉಸಿರು ಕಟ್ಟುತ್ತೆ.'

"ಬೇಲೀನೇ ಎದ್ದು ಹೊಲ ಮೇಯ್ದ್ರೆ ನಾವು ಯಾರ ಹತ್ರ ಹೇಳ್ಕೊಳ್ಳೋದು?" ಎಂದರು ಆತ.

ಅಂಥ ಪತ್ರ ಒಂಬತ್ತು ಮನೆಗೆ ಹೋಗಿತ್ತು. ಒಂಬತ್ತೂ ಮಕ್ಕಳು ಅವಳ ಕೋಣೆಗೆ ಬರುತ್ತಿದ್ದವರೇ.

"ಮುಂದಿನ ವರ್ಷದ ಫಲಿತಾಂಶ ನೋಡಬೇಕಲ್ಲ. ಆ ಮಕ್ಕಳಿಗೂ ಒಳ್ಳೇದೇ ಆಯ್ತು," ಎಂದರು ಅತ್ತಿಗೆ, ಅವಳು ಹೋಗಿ ಕೇಳಿದಾಗ, ಕನ್ನಡಕ ಒರೆಸುತ್ತ.

"ನಿಮ್ಮನ್ನ ನಂಬಿ ಕೊಟ್ಟಿದ್ದೆ ಅತ್ತಿಗೆ."

"ನೀನೇ ಕೊಟ್ಟೆ. ನಾನೇನು ಕಿತ್ಕೊಳ್ಳಲಿಲ್ಲ."

ಅವಳು ಎದ್ದು ಬಂದಳು. ನೋಟ್‌ಬುಕ್ ಯಾರು ಕೇಳಿದರು, ಯಾರು ಕೊಟ್ಟರು ಎಂಬುದನ್ನೆಲ್ಲ ತನ್ನ ತಪ್ಪನ್ನೂ ಸೇರಿಸಿ ಆಡಳಿತ ಮಂಡಳಿಗೆ ಬರೆದಳು. ಒಂಬತ್ತು ಪಾಲಕರಿಗೂ ಪ್ರತಿ ಕೊಟ್ಟಳು. "ಮನೆ ಮಾತು ಬೀದಿಗೆ ತಂದೆಯಲ್ಲೇ," ಎಂದ ಅಣ್ಣ. ಪಾಲಕರು ಒಟ್ಟಾಗಿ ಶಾಲೆಗೆ ಹೋಗಿ ಕೂತ ಮೇಲೆ ಶಾಲೆ ಪತ್ರಗಳನ್ನು ಹಿಂತೆಗೆದುಕೊಂಡಿತು. ಇವಳ ಕೆಲಸ ಹೋಯಿತು. ಅತ್ತಿಗೆ ತಮ್ಮ ಕುರ್ಚಿಯಲ್ಲೇ ಉಳಿದರು.

ಪಿಸುಮಾತಿನ ತಂದೆ ಮಾತ್ರ ಮಗಳನ್ನು ಮತ್ತೆ ಅಲ್ಲಿಗೆ ಕಳಿಸಲಿಲ್ಲ. ಮಿಸ್ ಅವರ ಮನೆಗೆ ಹೋದಾಗ ಹುಡುಗಿಯೇ ಬಾಗಿಲು ತೆರೆದಳು.

"ಯಾರಿಗೂ ತೋರಿಸಲ್ಲ ಅಂದಿದ್ರಿ," ಎಂದಳು. ದನಿ ನಡುಗಲಿಲ್ಲ.

"ಹೌದು ಮರಿ. ತೋರಿಸಿದ್ದು ನಾನೇ. ತಪ್ಪಾಯ್ತು."

ಹುಡುಗಿ ಬಾಗಿಲು ಹಾಕಿಕೊಂಡಳು.

ಈಗ ಹೊಲಿಗೆ ಮಿಸ್ ಬೇರೆ ಎರಡು ಶಾಲೆಗಳಲ್ಲಿ ಅದೇ ಕೆಲಸ ಮಾಡುತ್ತಾಳೆ. ಅಣ್ಣ ಆಗಾಗ ಫೋನ್ ಮಾಡುತ್ತಾನೆ. ಕಾಲುನೋವಿನ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡುತ್ತಾರೆ. ಅತ್ತಿಗೆ ಹೇಗಿದ್ದಾರೆಂದು ಅವಳು ಕೇಳುವುದಿಲ್ಲ; ಅವನೂ ಹೇಳುವುದಿಲ್ಲ.